ಅಮೆರಿಕದಲ್ಲಿ ಇನ್ನೆರಡು ತಿಂಗಳು ಉಳಿಯಲು ನಾವು ಅರ್ಜಿ ಹಾಕಿದ್ದು ಹೀಗೆ

ಮಕ್ಕಳ ಮನೆಗೆಂದು ಅಮೆರಿಕಕ್ಕೆ ಹೋಗುವ ನಮ್ಮ ಹಾಸನದ ಕಡೆಯವರು ಪಾಸ್‌ಪೋರ್ಟಿನಲ್ಲಿರುವ ವೀಸಾ ನೋಡಿ, "ಹತ್ತು ವರ್ಷ ಇದೆಯಲ್ಲ, ಏನು ಅವಸರ" ಅಂತ ಆರಾಮಾಗಿರುತ್ತಾರೆ. ಆ ಹತ್ತು ವರ್ಷ ಬಾಗಿಲು ತಟ್ಟುವುದಕ್ಕೆ ಮಾತ್ರ. ಒಳಗೆ ಯಾವತ್ತಿನವರೆಗೆ ಇರಬಹುದು ಅನ್ನೋದು ಐ-94 ಎಂಬ ದಾಖಲೆಯಲ್ಲಿ ಇರುತ್ತದೆ. ವಿಮಾನ ಇಳಿದಾಗ ಅಧಿಕಾರಿ ಸಾಮಾನ್ಯವಾಗಿ 6 ತಿಂಗಳು ಕೊಡುತ್ತಾರೆ. ಆಮೇಲೆ ಐ-94ರ ಸರ್ಕಾರಿ ವೆಬ್‌ಸೈಟಿನಲ್ಲಿ ಹೆಸರು, ಪಾಸ್‌ಪೋರ್ಟ್ ನಂಬರ್ ಹಾಕಿದರೆ ತಾರೀಖು ಸಿಗುತ್ತದೆ. ನಾನು ಅದರ ಪ್ರಿಂಟ್ ತೆಗೆದು ಮಗಳ ಮನೆ ಫ್ರಿಜ್ಜಿಗೆ ಅಂಟಿಸಿದ್ದೆ. ಟೀಚರ್ ಆಗಿದ್ದವಳ ಬುದ್ಧಿ, ಬಿಡಲ್ಲ.

ನಾವು ಹೋಗಿದ್ದು ಮೇ ತಿಂಗಳಲ್ಲಿ. ಗಡುವು ನವೆಂಬರ್‌ಗೆ ಮುಗಿಯುತ್ತಿತ್ತು. ಆಗಸ್ಟ್‌ನಲ್ಲಿ ಮಗಳಿಗೆ ಸಿಸೇರಿಯನ್ ಆಯಿತು, ಹೊಲಿಗೆಗೆ ಸೋಂಕು ತಗುಲಿ ಚೇತರಿಕೆ ನಿಧಾನವಾಯಿತು. "ಇಬ್ರೂ ವರ್ಷದ ಕೊನೆವರೆಗೆ ಇರಿ ಅಮ್ಮ" ಅಂದಳು. ಹಾಗೆ ಸುಮ್ನೆ ಉಳಿಯುವಂತಿಲ್ಲ. ಅರ್ಜಿ ಹಾಕದೆ ಗಡುವು ದಾಟಿದರೆ ಆ ಹತ್ತು ವರ್ಷದ ವೀಸಾನೇ ರದ್ದಾಗುತ್ತದೆ. 180 ದಿನಕ್ಕಿಂತ ಜಾಸ್ತಿ ಅಕ್ರಮವಾಗಿ ಉಳಿದು ಹೊರಟರೆ 3 ವರ್ಷ ಆ ದೇಶಕ್ಕೆ ಕಾಲಿಡುವಂತಿಲ್ಲ.

ಹಾಕಬೇಕಾದ ಅರ್ಜಿ ಐ-539. ಅಲ್ಲಿನ ವಲಸೆ ಇಲಾಖೆ ಯುಎಸ್‌ಸಿಐಎಸ್ ವೆಬ್‌ಸೈಟಿನಲ್ಲೇ ತುಂಬಬಹುದು. ಗಡುವಿಗೆ 45 ದಿನ ಮೊದಲಾದರೂ ಹಾಕಿ ಅನ್ನುವುದು ಇಲಾಖೆಯದೇ ಸಲಹೆ. 2024ರ ಏಪ್ರಿಲ್ 1ರಿಂದ ಬಂದ ಶುಲ್ಕದ ಪ್ರಕಾರ ಆನ್‌ಲೈನ್‌ಗೆ 420 ಡಾಲರ್, ಕಾಗದದಲ್ಲಿ ಕಳಿಸಿದರೆ 470. ನನ್ನ ಅರ್ಜಿಯಲ್ಲೇ ನಮ್ಮೆಜಮಾನರ ಹೆಸರೂ ಸೇರಿಸಿದೆವು, ಒಂದೇ ಶುಲ್ಕದಲ್ಲಿ ಮುಗಿಯಿತು. ವಕೀಲರ ಹತ್ತಿರ ಹೋಗಲಿಲ್ಲ. ನಮ್ಮಂಥ ಸರಳ ಕೇಸಿಗೆ ಅದು ದುಂದು ಅಂತಲೇ ನನ್ನ ಅನಿಸಿಕೆ.

ಫಾರ್ಮ್ ತುಂಬುವುದು ಕಷ್ಟವಲ್ಲ. ತಲೆ ಕೆಡಿಸಿದ್ದು ಜೊತೆಗಿಡುವ ಪತ್ರ. ಯಾಕೆ ಉಳಿಯಬೇಕು, ಯಾವತ್ತಿನವರೆಗೆ, ಖರ್ಚು ಯಾರದು, ವಾಪಸ್ ಹೋಗೇ ಹೋಗ್ತೀರಿ ಅನ್ನೋದಕ್ಕೆ ಏನು ಆಧಾರ, ಇಷ್ಟಕ್ಕೂ ಉತ್ತರ ಬೇಕು. ಮೊದಲನೆಯದಕ್ಕೆ ಮಗಳ ಡಾಕ್ಟರ್ ಕೊಟ್ಟ ಪತ್ರ ಇಟ್ಟೆವು. ಖರ್ಚಿಗೆ ಅಳಿಯಂದಿರ ಸಂಬಳದ ಚೀಟಿ, ನನ್ನ ಪಿಂಚಣಿ ಬರುವ ಖಾತೆಯ ಸ್ಟೇಟ್‌ಮೆಂಟ್. ಕೊನೆಯದಕ್ಕೆ ಏನು ಕೊಡೋದು ಅಂತ ಯೋಚಿಸುವಾಗ ನಮ್ಮೆಜಮಾನರು, "ಜನವರಿಯಲ್ಲಿ ಕಾಫಿ ಕುಯ್ಲು ಇದೆ, ನಾನಿಲ್ಲದಿದ್ರೆ ಯಾರು ನೋಡ್ತಾರೆ?" ಅಂದರು. ಅದನ್ನೇ ಬರೆದೆವು. ಸಕಲೇಶಪುರದ ಹತ್ತಿರ ನಮ್ಮದು ಸಣ್ಣ ರೋಬಸ್ಟಾ ತೋಟ. ಹಣ್ಣು ಕುಯ್ಯುವ ಹೊತ್ತಿಗೆ ಮಾಲೀಕ ಊರಲ್ಲಿರಲೇಬೇಕು, ಆದ್ದರಿಂದ ಡಿಸೆಂಬರ್ ಕೊನೆಗೆ ಹೊರಡುತ್ತೇವೆ ಅಂತ.

ಬರೆದರೆ ಸಾಲದು, ಪಹಣಿಯೂ ಬೇಕು. ಹಾಸನದಲ್ಲಿರುವ ನನ್ನ ಅಣ್ಣನ ಮಗ ಸರ್ವೆ ನಂಬರ್ ಹಾಕಿ ಭೂಮಿ ವೆಬ್‌ಸೈಟಿನಿಂದ ತೆಗೆದು ವಾಟ್ಸಾಪ್‌ನಲ್ಲಿ ಕಳಿಸಿದ. ಪಹಣಿ ಕನ್ನಡದಲ್ಲಿರುತ್ತದೆ, ಇಲಾಖೆಗೆ ಪೂರ್ತಿ ಇಂಗ್ಲಿಷ್ ಅನುವಾದ ಕೊಡಬೇಕು. ಎರಡೂ ಭಾಷೆ ಬಲ್ಲ ಯಾರೇ ಅನುವಾದ ಮಾಡಿ, ಇದು ಸರಿಯಾಗಿದೆ, ಪೂರ್ತಿಯಾಗಿದೆ ಅಂತ ಬರೆದು ಸಹಿ ಹಾಕಬಹುದು. ನೋಟರಿ ಬೇಕಿಲ್ಲ. ನಮ್ಮದನ್ನು ಅಳಿಯಂದಿರ ಸ್ನೇಹಿತರೊಬ್ಬರು ಮಾಡಿಕೊಟ್ಟರು. ಎಕರೆ-ಗುಂಟೆ ಹಾಗೇ ಬಿಟ್ಟು, 40 ಗುಂಟೆಗೆ ಒಂದು ಎಕರೆ ಅಂತ ಕೆಳಗೆ ಸೇರಿಸಿದರು.

ಇನ್ನೂ 6 ತಿಂಗಳು ಕೇಳಬಹುದಿತ್ತು. ಪರಿಚಯದವರು, "ಹೇಗೂ ದುಡ್ಡು ಕಟ್ತೀರಿ, ಪೂರ್ತಿ ಕೇಳಿ" ಅಂದರು. ನಾವು ಕೇಳಿದ್ದು ಡಿಸೆಂಬರ್ ಕೊನೆವರೆಗೆ ಮಾತ್ರ. ಕುಯ್ಲಿಗೆ ಹೋಗಬೇಕು ಅಂತ ಬರೆದು ಮೇವರೆಗೆ ಇರ್ತೀವಿ ಅಂದರೆ ಯಾರು ನಂಬುತ್ತಾರೆ, ಅಲ್ವಾ?

ಅರ್ಜಿ ಹಾಕುವ ಮೊದಲೇ ವಾಪಸ್ ಟಿಕೆಟ್ ಡಿಸೆಂಬರ್‌ಗೆ ಬದಲಾಯಿಸಿ, ಅದನ್ನೂ ಜೊತೆಗಿಟ್ಟೆವು. ಆರೋಗ್ಯ ವಿಮೆಯನ್ನು ಅವಧಿ ಮುಗಿಯುವ ಮುಂಚೆಯೇ ಮುಂದುವರಿಸಿದೆವು.

ಆಮೇಲೆ ಕಾಯುವುದು. ರಸೀದಿ ಬೇಗ ಬಂತು, ತೀರ್ಮಾನ ಬರಲಿಲ್ಲ. ಗಡುವಿನೊಳಗೆ ಹಾಕಿದ ಅರ್ಜಿ ಬಾಕಿ ಇರುವಾಗ ಅಲ್ಲಿರುವುದು ತಪ್ಪಲ್ಲ. ಆದರೆ ತಿರಸ್ಕಾರವಾದರೆ ತಕ್ಷಣ ಹೊರಡಬೇಕು. ನವೆಂಬರ್‌ನ ಆ ತಾರೀಖು ದಾಟಿದ ಮೇಲೆ ನಮ್ಮೆಜಮಾನರು ಬೆಳಿಗ್ಗೆ ಕಾಫಿಗೂ ಮುಂಚೆ ಮೊಬೈಲಲ್ಲಿ ಕೇಸ್ ಸ್ಥಿತಿ ನೋಡುತ್ತಿದ್ದರು. ಹೊರಡುವ ದಿನವೂ 'ಬಾಕಿ' ಅಂತಲೇ ಇತ್ತು. ಉತ್ತರ ಬರಲಿಲ್ಲ ಅಂತ ಇನ್ನೂ ಉಳಿಯದೆ, ಕೇಳಿಕೊಂಡ ತಾರೀಖಿನೊಳಗೇ ವಿಮಾನ ಹತ್ತಿದೆವು.

ರಸೀದಿ, ಪತ್ರದ ಪ್ರತಿ, ಇಬ್ಬರ ಬೋರ್ಡಿಂಗ್ ಪಾಸ್ ಒಂದೇ ಫೈಲಿನಲ್ಲಿವೆ. ಮುಂದಿನ ಸಲ ಇಳಿದಾಗ, "ಹೋದ ಸಲ 6 ತಿಂಗಳು ದಾಟಿ ಇದ್ರಲ್ಲ" ಅಂತ ಕೇಳಿದರೆ ತೋರಿಸಬೇಕಲ್ಲ. ಪಿಂಚಣಿದಾರರಿಗೆ ಇನ್ನೊಂದು ಮಾತು: ನವೆಂಬರ್‌ನಲ್ಲಿ ಕೊಡುವ ಜೀವಿತ ಪ್ರಮಾಣಪತ್ರದ ವಿಷಯ ಹೊರಡುವ ಮೊದಲೇ ಬ್ಯಾಂಕಿನಲ್ಲಿ ವಿಚಾರಿಸಿಕೊಳ್ಳಿ. ನನ್ನದು ಊರಿಗೆ ಬಂದು ಕೊಡುವವರೆಗೆ ನಿಂತಿತ್ತು, ಆಮೇಲೆ ಬಾಕಿಯೆಲ್ಲ ಒಟ್ಟಿಗೆ ಬಂತು.