ಹೆಪಟೈಟಿಸ್ ಸಿ ಕುರಿತು ಜನಜಾಗೃತಿ ಮೂಡಿಸುವ ಬಗೆ

ಯಕೃತ್ತನ್ನು ಬಾಧಿಸುವ ಹೆಪಟೈಟಿಸ್ ಸಿ ಗುಣವಾಗುವ ಕಾಯಿಲೆ ಎಂಬ ಸಂಗತಿಯಿಂದಲೇ ಮಾತು ಆರಂಭಿಸಿ, ಏಕೆಂದರೆ ಹೆದರಿದ ಜನರು ಪರೀಕ್ಷೆಯಿಂದ ದೂರ ಉಳಿಯುತ್ತಾರೆ. ಇದಕ್ಕೆ ಲಸಿಕೆಯಿಲ್ಲ, ಆದರೆ ಸಾಮಾನ್ಯವಾಗಿ 8ರಿಂದ 12 ವಾರ ಸೇವಿಸುವ ಮಾತ್ರೆಗಳಿಂದ ನೂರಕ್ಕೆ 95ಕ್ಕೂ ಹೆಚ್ಚು ಮಂದಿ ಗುಣಮುಖರಾಗುತ್ತಾರೆ.

ಸೋಂಕು ಹತ್ತಾರು ವರ್ಷ ಯಾವ ಲಕ್ಷಣವನ್ನೂ ತೋರದೆ ಯಕೃತ್ತನ್ನು ಹಾಳುಮಾಡಬಲ್ಲದು. ಆದ್ದರಿಂದ ಯಾರು ಪರೀಕ್ಷೆ ಮಾಡಿಸಿಕೊಳ್ಳಬೇಕೆಂದು ಸ್ಪಷ್ಟವಾಗಿ ಹೇಳಿ: ತಪಾಸಣೆಗೆ ಒಳಪಡದ ರಕ್ತ ಪಡೆದವರು, ಬಳಸಿದ ಸೂಜಿ ಅಥವಾ ಸಿರಿಂಜಿನಿಂದ ಚುಚ್ಚಿಸಿಕೊಂಡವರು, ಶುದ್ಧೀಕರಿಸದ ಉಪಕರಣದಿಂದ ಹಚ್ಚೆ ಹಾಕಿಸಿಕೊಂಡವರು, ದೀರ್ಘಕಾಲ ಡಯಾಲಿಸಿಸ್ ಮಾಡಿಸಿಕೊಂಡವರು. ಪ್ರತಿಕಾಯ (ಸೋಂಕಿನ ವಿರುದ್ಧ ದೇಹ ತಯಾರಿಸುವ ರಕ್ಷಕ ಅಂಶ) ಪರೀಕ್ಷೆಯಲ್ಲಿ ಪಾಸಿಟಿವ್ ಬಂದರೆ ಸೋಂಕು ಎಂದಾದರೂ ತಗುಲಿತ್ತು ಎಂದಷ್ಟೇ ಅರ್ಥ. ಅದು ಈಗಲೂ ಇದೆಯೇ ಎಂಬುದನ್ನು, ರಕ್ತದಲ್ಲಿ ವೈರಾಣುವನ್ನೇ ಹುಡುಕುವ ಆರ್‌ಎನ್‌ಎ ಪರೀಕ್ಷೆಯೇ ತಿಳಿಸುತ್ತದೆ. ಬಹುತೇಕ ಪ್ರಚಾರಪತ್ರಗಳಲ್ಲಿ ಈ ವ್ಯತ್ಯಾಸವನ್ನು ದಪ್ಪಕ್ಷರದಲ್ಲಿ ಮುದ್ರಿಸುವುದು ಒಳಿತೆಂದು ನನ್ನ ಅಭಿಪ್ರಾಯ, ಏಕೆಂದರೆ ಮೊದಲ ವರದಿ ನೋಡಿಯೇ ಧೃತಿಗೆಡುವವರಿದ್ದಾರೆ.

ಜೊತೆಯಲ್ಲಿ ಕುಳಿತು ಉಣ್ಣುವುದರಿಂದ, ಅಪ್ಪಿಕೊಳ್ಳುವುದರಿಂದ, ಕೆಮ್ಮಿನಿಂದ ಇದು ಹರಡುವುದಿಲ್ಲವೆಂದು ಪ್ರತಿ ಸಭೆಯಲ್ಲೂ ತಿಳಿಸಿ. ಗುಣಮುಖರಾದವರು ಒಪ್ಪಿದರೆ ಅವರಿಂದಲೇ ಮಾತನಾಡಿಸಿ. ಒಪ್ಪದಿದ್ದರೆ ಒತ್ತಾಯಿಸಬೇಡಿ, ಅವರ ಗುರುತನ್ನೂ ಬಹಿರಂಗಪಡಿಸಬೇಡಿ. ಜುಲೈ 28ರ ವಿಶ್ವ ಹೆಪಟೈಟಿಸ್ ದಿನ ಇಂಥ ಸಭೆಗೆ ಸೂಕ್ತ. ಅಂದೇ, ಅಲ್ಲಿಯೇ ಪರೀಕ್ಷೆಗೂ ವ್ಯವಸ್ಥೆ ಮಾಡಿ.