ಕ್ಷುದ್ರಗ್ರಹದ ಮಾದರಿ ತರುವ ಕ್ರಮ: ಕೆರೆಯಂಗಳದಲ್ಲಿ ಮಾಡಿಸಬಹುದಾದ ಒಂದು ಅಭ್ಯಾಸ

ನಾಸಾದ ಒಸೈರಿಸ್-ರೆಕ್ಸ್ ನೌಕೆ ಬೆನ್ನು ಎಂಬ ಕ್ಷುದ್ರಗ್ರಹದಿಂದ ಸಂಗ್ರಹಿಸಿದ ಮಾದರಿಯು 2023ರ ಸೆಪ್ಟೆಂಬರ್ 24ರಂದು ಅಮೆರಿಕದ ಯೂಟಾ ಮರುಭೂಮಿಯಲ್ಲಿ ಇಳಿಯಿತು. ಅದರ ತೂಕ 121.6 ಗ್ರಾಂ. ಉಲ್ಕಾಶಿಲೆಗಳು ತಾವಾಗಿಯೇ ಭೂಮಿಗೆ ಬೀಳುತ್ತಿರುವಾಗ ಇಷ್ಟು ದೂರ ಹೋಗಿ ಇಷ್ಟೇ ತರುವುದೇಕೆ ಎಂಬ ಪ್ರಶ್ನೆ ತರಗತಿಯಲ್ಲಿ ಬಂದೇ ಬರುತ್ತದೆ. ಚಿಕ್ಕಬಳ್ಳಾಪುರ ಜಿಲ್ಲೆಯ ಪ್ರೌಢಶಾಲೆಗಳ ವಿಜ್ಞಾನ ಶಿಕ್ಷಕರು ಅದಕ್ಕೆ ಬತ್ತಿದ ಕೆರೆಯಂಗಳದಲ್ಲಿಯೇ ಉತ್ತರ ತೋರಿಸಬಹುದು.

ಬೇಸಿಗೆಯಲ್ಲಿ ನೀರು ಆರಿದ ತಗ್ಗುಗಳಲ್ಲಿ ಬಿಳಿ ಚೌಳು ಎದ್ದಿರುವ ಜಾಗವನ್ನು ಮೊದಲು ಗುರುತಿಸಿಕೊಳ್ಳಿ. ಬೆನ್ನುವಿನ ಮಾದರಿಯಲ್ಲಿಯೂ ಇದಕ್ಕೆ ಹತ್ತಿರದ ಲವಣಗಳಿವೆ. ಉಪ್ಪುನೀರು ನಿಧಾನವಾಗಿ ಆವಿಯಾದಾಗ ಉಳಿಯುವ ಸೋಡಿಯಂ ಕಾರ್ಬೊನೇಟ್ ಮುಂತಾದ ಖನಿಜಗಳು ಅದರಲ್ಲಿ ಇರುವುದನ್ನು 2025ರ ಜನವರಿಯಲ್ಲಿ ಪ್ರಕಟವಾದ ಅಧ್ಯಯನಗಳು ತಿಳಿಸಿದವು. ಬಿದ್ದ ಉಲ್ಕಾಶಿಲೆಗಳಲ್ಲಿ ಇಂಥ ಲವಣಗಳು ಸಿಗುವುದು ಕಷ್ಟ, ಏಕೆಂದರೆ ನಮ್ಮ ಗಾಳಿಯ ತೇವಕ್ಕೆ ಅವು ಕೆಡುತ್ತವೆ. ಮಕ್ಕಳಿಗೆ ಇದನ್ನು ಕಾಣಿಸಲು ಒಂದಂಗೈ ಅಗಲದ ಚೌಳಿನ ಮೇಲೆ ನೀರು ಚಿಮುಕಿಸಿದರೆ ಸಾಕು; ಬಿಳುಪು ನೋಡನೋಡುತ್ತಿದ್ದಂತೆ ಮಣ್ಣಿಗಿಳಿಯುತ್ತದೆ.

ಮುಚ್ಚಳ ಬಿಗಿಯಾಗಿರುವ ಒಂದೇ ಅಳತೆಯ ಮೂರು ಸ್ಟೀಲ್ ಡಬ್ಬಿಗಳನ್ನು ಸೋಪಿನಿಂದ ತೊಳೆದು, ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್‌ನಲ್ಲಿ ಜಾಲಾಡಿ, ಬೋರಲು ಹಾಕಿ ಒಣಗಿಸಿ. ಒಂದು ಮಾದರಿಗೆ, ಮತ್ತೊಂದು ಸಾಕ್ಷಿಗೆ, ಅಂದರೆ ಮಾದರಿಯ ಡಬ್ಬಿ ಎಷ್ಟು ಹೊತ್ತು ತೆರೆದಿರುತ್ತದೆಯೋ ಅಷ್ಟೇ ಹೊತ್ತು ಅದರ ಪಕ್ಕದಲ್ಲಿ ಬರಿದಾಗಿ ತೆರೆದಿರಲು, ಮೂರನೆಯದನ್ನು ತೆರೆಯಲೇಬಾರದು. ಹೊರಡುವ ಮೊದಲು ಮೂರನ್ನೂ ತೂಗಿ ಬರೆದಿಡಿ. ಚಿನ್ನದಂಗಡಿಯವರು ತಮ್ಮ ತಕ್ಕಡಿಯಲ್ಲಿ ತೂಗಿಕೊಟ್ಟರೆ ಇನ್ನೂ ಒಳ್ಳೆಯದು.

ಸಂಗ್ರಹಿಸುವಾಗ ಬೆರಳು ತಾಕಿಸದೆ, ತೊಳೆದ ಸ್ಟೀಲ್ ಚಮಚದಿಂದ ಮೇಲ್ಪದರವನ್ನಷ್ಟೇ ಕೆರೆದು ತುಂಬಿಸಬೇಕು. ನೌಕೆ ಈ ಕೆಲಸಕ್ಕೆ ಚಮಚ ಬಳಸಲಿಲ್ಲ. 2020ರ ಅಕ್ಟೋಬರ್ 20ರಂದು ಅದರ ತೋಳು ನೆಲವನ್ನು ಕೆಲವೇ ಸೆಕೆಂಡು ಮುಟ್ಟಿ, ಸಾರಜನಕ ಅನಿಲವನ್ನು ಊದಿ, ಎದ್ದ ಜಲ್ಲಿಪುಡಿಯನ್ನು ಹಿಡಿದುಕೊಂಡಿತು. ಕಲ್ಲುಗಳು ಸಿಕ್ಕಿಕೊಂಡು ತೋಳಿನ ತುದಿಯಲ್ಲಿ ಮುಚ್ಚಳದಂತಿದ್ದ ಒಳಗಿನ ಪದರ ಪೂರ್ತಿ ಮುಚ್ಚದೆ ಮಾದರಿ ಸೋರತೊಡಗಿದ್ದರಿಂದ, ತೂಕ ಅಳೆಯುವ ಯೋಜನೆಯನ್ನೇ ಕೈಬಿಟ್ಟು ಅದನ್ನು ಬೇಗ ಭೂಮಿಗೆ ಮರಳುವ ಕೋಶದೊಳಗೆ ಭದ್ರಪಡಿಸಿದರು. ನಿಮ್ಮ ಡಬ್ಬಿಯ ಅಂಚಿನಲ್ಲಿಯೂ ಹರಳು ಕೂತಿದ್ದರೆ ಮುಚ್ಚಳ ಕೂಡುವುದಿಲ್ಲ; ಅಂಚನ್ನು ಒಣ ಬ್ರಷ್‌ನಿಂದ ಒರೆಸಿ ಮುಚ್ಚಿಸಿ.

ಈ ಅಭ್ಯಾಸದಲ್ಲಿ ಹೆಚ್ಚು ಸಮಯ ಕೊಡಬೇಕಾದದ್ದು ಡಬ್ಬಿ ತೆರೆಯುವುದಕ್ಕೆ. ಪಾರದರ್ಶಕ ಪ್ಲಾಸ್ಟಿಕ್ ಪೆಟ್ಟಿಗೆಯೊಂದರ ಬದಿಯಲ್ಲಿ ಎರಡು ರಂಧ್ರ ಕೊರೆದು ರಬ್ಬರ್ ಕೈಗವಸುಗಳನ್ನು ಅಂಟಿಸಿ, ಡಬ್ಬಿಗಳನ್ನೂ ಬೇಕಾದ ಎಲ್ಲ ಉಪಕರಣಗಳನ್ನೂ ಮೊದಲೇ ಒಳಗಿಟ್ಟು ಮುಚ್ಚಿ. ಆಮೇಲೆ ಹೊರಗಿನಿಂದ ಏನನ್ನೂ ಸೇರಿಸುವಂತಿಲ್ಲ. ಇದು ಅತಿಯಾದ ಕಟ್ಟುನಿಟ್ಟು ಎನಿಸಬಹುದು. ಆದರೆ ಹ್ಯೂಸ್ಟನ್ನಿನ ಜಾನ್ಸನ್ ಬಾಹ್ಯಾಕಾಶ ಕೇಂದ್ರದಲ್ಲಿ ಇಂಥದೇ ಕೈಗವಸಿನ ಪೆಟ್ಟಿಗೆಯೊಳಗೆ ಬೆನ್ನುವಿನ ಮಾದರಿ ಹಿಡಿದ ಭಾಗವನ್ನು ತೆರೆಯುವಾಗ ಅದರ 35 ತಿರುಪುಗಳ ಪೈಕಿ ಎರಡು ಬಿಚ್ಚದೆ ಹೋದವು. ಆಗ ಅನುಮತಿಯಿಲ್ಲದ ಉಪಕರಣವನ್ನು ಒಳಗೆ ತಾರದೆ, ಹೊಸ ಉಪಕರಣಗಳನ್ನೇ ತಯಾರಿಸಿ, 2024ರ ಜನವರಿಯಲ್ಲಿ ಅವನ್ನು ತೆಗೆದರು.

ಎರಡು ಡಬ್ಬಿಗಳನ್ನೂ ತೆರೆದು ಭೂತಗನ್ನಡಿಯಲ್ಲಿ ಹೋಲಿಸಿ. ನಮ್ಮ ಕಡೆ, ಅದರಲ್ಲಿಯೂ ಕ್ರಷರ್‌ಗಳು ಹತ್ತಿರವಿದ್ದರೆ, ಸಾಕ್ಷಿ ಡಬ್ಬಿಯಲ್ಲಿ ಕೆಂಪು ಧೂಳೂ ಕಲ್ಲಿನ ಪುಡಿಯೂ ಕೂತಿರುವುದು ಸಾಮಾನ್ಯ. ಅದರಲ್ಲಿ ಕಂಡದ್ದೆಲ್ಲವನ್ನೂ ಮಾದರಿಯ ಪಟ್ಟಿಯಲ್ಲಿ ‘ಸಂಶಯ’ ಎಂದು ಗುರುತಿಸಬೇಕು. ಜಪಾನಿನ ಹಯಬುಸಾ-2 ನೌಕೆ 2020ರಲ್ಲಿ ರ್ಯೂಗು ಎಂಬ ಇನ್ನೊಂದು ಕ್ಷುದ್ರಗ್ರಹದಿಂದ ತಂದ 5.4 ಗ್ರಾಂ ಮಾದರಿಯ ಒಂದು ಕಣದ ಮೇಲೆ ಬ್ರಿಟನ್ನಿನ ಸಂಶೋಧಕರು ಸೂಕ್ಷ್ಮಜೀವಿಗಳನ್ನು ಕಂಡರು. ಪರಿಶೀಲಿಸಿದರೆ, ಅವು ಭೂಮಿಗೆ ಬಂದ ಮೇಲೆ ಹತ್ತಿ ಬೆಳೆದವುಗಳೇ ಆಗಿದ್ದವು.

ಬಳಿಕ ಒಂದು ಚಿಟಿಕೆ ಚೌಳನ್ನು ಡಿಸ್ಟಿಲ್ಡ್ ವಾಟರ್‌ನಲ್ಲಿ ಕದಡಿ, ಸೋಸಿ, ತಿಳಿಯಲ್ಲಿ ಕೆಂಪು ಲಿಟ್ಮಸ್ ಅದ್ದಿಸಿ. ಅದು ನೀಲಿಗೆ ತಿರುಗಿದರೆ ಕ್ಷಾರವಿದೆ. ತಿಳಿಗೆ ನಿಂಬೆರಸ ಬಿಟ್ಟಾಗ ಗುಳ್ಳೆಯೂ ಎದ್ದರೆ ಕಾರ್ಬೊನೇಟ್ ಇರುವ ಸಾಧ್ಯತೆ ಹೆಚ್ಚು. ಸೋಸದೆ ನೇರವಾಗಿ ಮಣ್ಣಿನ ಮೇಲೆಯೇ ನಿಂಬೆರಸ ಹಿಂಡಬೇಡಿ. ಮಣ್ಣಿನಲ್ಲಿರುವ ಸುಣ್ಣಕಲ್ಲಿನ ಚೂರಿಗೂ ಗುಳ್ಳೆ ಬರುತ್ತದೆ. ಏನೂ ಆಗದಿದ್ದರೆ ಹಾಗೆಯೇ ದಾಖಲಿಸಿ.

ತಂದದ್ದನ್ನೆಲ್ಲ ಖರ್ಚು ಮಾಡಬಾರದು. ಬೆನ್ನುವಿನ ಮಾದರಿಯಲ್ಲಿ ಕನಿಷ್ಠ ಶೇ. 70 ಭಾಗವನ್ನು ಮುಂದಿನ ವಿಜ್ಞಾನಿಗಳಿಗೆಂದು ಕಾಯ್ದಿರಿಸಲಾಗಿದೆ. ನೀವೂ ಅದೇ ಪ್ರಮಾಣವನ್ನು ಉಳಿಸಿ, ಮುಚ್ಚಳದ ಸುತ್ತ ಟೇಪು ಸುತ್ತಿ, ಕೆರೆಯ ಹೆಸರು, ದಿನಾಂಕ, ತೂಕ, ತೆರೆದಿದ್ದ ನಿಮಿಷಗಳು, ಮುಟ್ಟಿದವರ ಹೆಸರು ಇಷ್ಟನ್ನೂ ಚೀಟಿಯಲ್ಲಿ ಬರೆದು ಅಂಟಿಸಿ, ಸಾಕ್ಷಿ ಡಬ್ಬಿ ಹಾಗೂ ತೆರೆಯದ ಡಬ್ಬಿಗಳ ಜೊತೆಗೆ ಪ್ರಯೋಗಾಲಯದ ಬೀರುವಿನಲ್ಲಿ ಮುಂದಿನ ವರ್ಷದ ತರಗತಿಗೆ ಇಡಿ.