ಆರನೆಯ ಹೆಜ್ಜೆ: ನಮ್ಮ ಧರ್ಮಕೇಂದ್ರದಲ್ಲಿ ಪ್ರಾರ್ಥನೆಯೂ ಸೇವೆಯೂ ಒಂದೇ ಕೈಗೆ ಬಂದ ಬಗೆ

ಬೆಂಗಳೂರಿನ ದಕ್ಷಿಣದ ಅಂಚಿನಲ್ಲಿರುವ ನಮ್ಮ ಧರ್ಮಕೇಂದ್ರದ (ಪ್ಯಾರಿಷ್) ಪಾಲನಾ ಸಮಿತಿಗೆ ನಾನು ಕೆಲವು ವರ್ಷಗಳಿಂದ ಕಾರ್ಯದರ್ಶಿ. ಅದಕ್ಕೂ ಮೊದಲು ನಮ್ಮ ಬೀದಿಯ ಕಿರು ಕ್ರೈಸ್ತ ಸಮುದಾಯವನ್ನು, ಅಂದರೆ ನೆರೆಹೊರೆಯ ಮನೆಗಳವರು ಸೇರಿ ಪ್ರಾರ್ಥಿಸುವ ಗುಂಪನ್ನು, ನಡೆಸುವ ಹೊಣೆ ನನ್ನದಾಗಿತ್ತು. ಊರು ನಗರದೊಳಗೆ ಸೇರಿಹೋಗುವ ಮೊದಲು ಇಲ್ಲಿದ್ದುದು ರಾಗಿ, ಹೂವು, ತರಕಾರಿ ಬೆಳೆದು ಬದುಕುತ್ತಿದ್ದ ಕನ್ನಡ ಕಥೋಲಿಕ ಮನೆತನಗಳು. ಈಗ ಅವರ ಜೊತೆಗೆ ಅಪಾರ್ಟ್‌ಮೆಂಟುಗಳಲ್ಲಿ ಮಂಗಳೂರು ಕಡೆಯ ಕೊಂಕಣಿ ಕುಟುಂಬಗಳು, ಕೇರಳ, ತಮಿಳುನಾಡುಗಳಿಂದ ಬಂದವರು, ಮನೆಗೆಲಸಕ್ಕೂ ಕಟ್ಟಡದ ಕೆಲಸಕ್ಕೂ ಜಾರ್ಖಂಡ್, ಒಡಿಶಾಗಳಿಂದ ಬಂದ ಆದಿವಾಸಿ ಯುವಕ ಯುವತಿಯರು, ಎಲ್ಲರೂ ಒಂದೇ ದೇವಾಲಯದ ಕೆಳಗೆ ಸೇರಿದ್ದಾರೆ.

ಹೊರಗಿನವರ ಕಣ್ಣಿಗೆ ನಮ್ಮಲ್ಲಿ ಯಾವ ಕೊರತೆಯೂ ಕಾಣುತ್ತಿರಲಿಲ್ಲ. ಭಾನುವಾರದ ಬಲಿಪೂಜೆಗೆ (ಮಾಸ್) ದೇವಾಲಯ ತುಂಬುತ್ತಿತ್ತು, ಹಬ್ಬದ ತೇರಿಗೆ ಬೀದಿ ಸಾಲುತ್ತಿರಲಿಲ್ಲ. ಆದರೆ ಪ್ರಾರ್ಥನೆ ಮಾಡುವವರ ಗುಂಪೇ ಬೇರೆ, ಸೇವೆ ಮಾಡುವವರ ಗುಂಪೇ ಬೇರೆ ಎಂಬಂತಾಗಿತ್ತು. ಮನೆಮನೆಯ ಜಪಸರದ ಪ್ರಾರ್ಥನೆಗೆ ಬಂದವರು ಕೀರ್ತನೆ ಹಾಡಿ, ಕಾಫಿ ಕುಡಿದು ಎದ್ದು ಹೋಗುತ್ತಿದ್ದರು. ಎರಡು ಮನೆ ಆಚೆ ಹಾಸಿಗೆ ಹಿಡಿದವರೊಬ್ಬರಿದ್ದಾರೆ ಎಂದು ತಿಳಿದಿದ್ದರೂ ಅದನ್ನು ನೋಡಿಕೊಳ್ಳುವುದು ಬಡವರ ನೆರವಿಗೆಂದೇ ಇರುವ ಸಂತ ವಿನ್ಸೆಂಟ್ ದೆ ಪಾಲ್ ಸಭೆಯವರ ಕೆಲಸವೆಂದು ಬಿಟ್ಟುಬಿಡುತ್ತಿದ್ದರು. ಆ ಸಭೆಯ ನಾಲ್ಕಾರು ಹಿರಿಯರಾದರೋ ಅಕ್ಕಿ, ಬೇಳೆ, ಔಷಧಿಯ ಚೀಟಿಗಳ ನಡುವೆ ದಣಿದು, ಕೂತು ಪ್ರಾರ್ಥಿಸುವ ವ್ಯವಧಾನವನ್ನೇ ಕಳೆದುಕೊಂಡಿದ್ದರು. ವಿಶ್ವಾಸವನ್ನು ಮತ್ತೆ ಚೇತನಗೊಳಿಸಲು ದೊಡ್ಡದೊಂದು ಧ್ಯಾನಕೂಟ ನಡೆಸೋಣವೆಂದು ಸಮಿತಿಯಲ್ಲಿ ಹಲವರು ಹೇಳಿದರು. ಧ್ಯಾನಕೂಟಗಳ ಬಗ್ಗೆ ನನಗೆ ತಕರಾರಿಲ್ಲ, ಅವುಗಳಿಂದ ಬದುಕು ಬದಲಾದವರನ್ನು ನಾನು ಬಲ್ಲೆ. ಆದರೆ ಅಲ್ಲಿ ಹುಟ್ಟಿದ ಉತ್ಸಾಹಕ್ಕೆ ಮರುವಾರ ಮಾಡಲು ಒಂದು ಕೆಲಸವಿಲ್ಲದಿದ್ದರೆ ಅದು ನಿಲ್ಲುವುದಿಲ್ಲ ಎಂಬುದು ಆಗಲೂ ನನ್ನ ಅಭಿಪ್ರಾಯವಾಗಿತ್ತು, ಈಗಲೂ ಅದೇ.

ನಾವು ಹೊಸದೇನನ್ನೂ ಕಟ್ಟಲಿಲ್ಲ, ಇದ್ದುದನ್ನೇ ಸರಿಯಾಗಿ ಮಾಡತೊಡಗಿದೆವು. ಕಿರು ಕ್ರೈಸ್ತ ಸಮುದಾಯಗಳಲ್ಲಿ ಶುಭಸಂದೇಶವನ್ನು ಓದಲು ಏಳು ಹೆಜ್ಜೆಗಳ ಕ್ರಮವೊಂದಿದೆ. ದಕ್ಷಿಣ ಆಫ್ರಿಕಾದ ಲುಮ್ಕೊ ಸಂಸ್ಥೆಯಲ್ಲಿ ರೂಪುಗೊಂಡ ಈ ಕ್ರಮ ಏಷ್ಯಾದ ಧರ್ಮಸಭೆಗಳಲ್ಲೂ ವ್ಯಾಪಕವಾಗಿ ಬಳಕೆಗೆ ಬಂದಿದೆ. ಪ್ರಭುವನ್ನು ಆಹ್ವಾನಿಸುವುದು, ವಾಕ್ಯವನ್ನು ಓದುವುದು, ಮನಸ್ಸಿಗೆ ತಟ್ಟಿದ ಪದಗಳನ್ನು ಮೆಲ್ಲನೆ ಪುನರುಚ್ಚರಿಸುವುದು, ಮೌನ, ಅನುಭವವನ್ನು ಹಂಚಿಕೊಳ್ಳುವುದು, ಆ ಬಳಿಕ ನಮ್ಮಿಂದ ಆಗಬೇಕಾದ ಕೆಲಸವೊಂದನ್ನು ಗೊತ್ತುಮಾಡುವುದು, ಕೊನೆಗೆ ಸ್ವಂತ ಮಾತಿನ ಪ್ರಾರ್ಥನೆ. ವಲಯಗಳೆಂದು ನಾವು ಕರೆಯುವ ಈ ಕಿರು ಸಮುದಾಯಗಳಲ್ಲಿ ಬಹುತೇಕವು ಐದನೆಯದರಿಂದ ನೇರವಾಗಿ ಏಳನೆಯದಕ್ಕೆ ಹಾರುತ್ತಿದ್ದವು. ನಾವು ಹಿಡಿದು ನಿಂತದ್ದು ಆ ಆರನೆಯ ಹೆಜ್ಜೆಯನ್ನು.

ಪ್ರತಿ ವಲಯಕ್ಕೂ ಒಂದು ಸಾಮಾನ್ಯ ನೋಟುಪುಸ್ತಕ ಕೊಟ್ಟೆವು. ಯಾರಿಗಾಗಿ, ಏನು, ಯಾರು, ಯಾವ ದಿನದೊಳಗೆ ಎಂಬ ನಾಲ್ಕು ವಿಷಯಗಳನ್ನು ಬರೆಯದೆ ಕೂಟ ಮುಗಿಯಬಾರದು. ಮುಂದಿನ ಕೂಟ ಆ ಪುಟವನ್ನು ಓದುವುದರಿಂದಲೇ ಆರಂಭವಾಗಬೇಕು. ಕೆಲಸ ನಡೆದು ಹೋಗುವಷ್ಟು ದೂರದಲ್ಲಿರಬೇಕು ಎಂದೂ, ಮೊದಲ ಕೆಲವು ತಿಂಗಳು ಅದಕ್ಕೆ ಹಣ ಬೇಕಾಗಬಾರದು ಎಂದೂ ನಿಯಮ ಮಾಡಿಕೊಂಡೆವು. ಹಣದ ನಿಯಮ ಬಹಳ ಮುಖ್ಯ, ಏಕೆಂದರೆ ಹಣವೆಂದ ಕೂಡಲೇ ಚಂದಾ ಎತ್ತಿ ಯಾರ ಕೈಗೋ ಕೊಟ್ಟು ಕರ್ತವ್ಯ ಮುಗಿಯಿತೆಂದು ಕೂರುವ ಚಾಳಿ ನಮ್ಮಲ್ಲಿ ಆಳವಾಗಿ ಬೇರೂರಿದೆ. ಹೀಗಾಗಿ ನೋಟುಪುಸ್ತಕಗಳಲ್ಲಿ ಕಾಣಿಸಿಕೊಂಡದ್ದು ಸಣ್ಣ ಸಣ್ಣ ಕೆಲಸಗಳು: ಒಬ್ಬ ಅಜ್ಜಿಯನ್ನು ಕಣ್ಣಿನ ತಪಾಸಣೆಗೆ ಕರೆದೊಯ್ಯುವುದು, ಸಂಧ್ಯಾ ಸುರಕ್ಷಾ ಪಿಂಚಣಿಗೆ ಅರ್ಜಿ ತುಂಬಿ ನಾಡಕಚೇರಿಗೆ ಜೊತೆಯಲ್ಲಿ ಹೋಗುವುದು, ಗಣಿತದಲ್ಲಿ ಹಿಂದೆ ಬಿದ್ದ ಹುಡುಗನಿಗೆ ಸಂಜೆ ಹೇಳಿಕೊಡುವುದು, ಮಾತು ಬಿಟ್ಟ ಅಣ್ಣತಮ್ಮಂದಿರ ಮನೆಗೆ ಹೋಗಿ ಬರುವುದು. ನೆರವು ಪಡೆಯುವವರು ಯಾವ ಧರ್ಮದವರೆಂದು ಕೇಳಕೂಡದು, ನೆರವಿನ ಜೊತೆ ಮತದ ಮಾತು ಎತ್ತಕೂಡದು, ಫೋಟೋ ತೆಗೆದು ವಾಟ್ಸ್‌ಆ್ಯಪ್‌ಗೆ ಹಾಕಕೂಡದು ಎಂಬ ಮೂರು ಕಟ್ಟಳೆಗಳನ್ನು ಪುಸ್ತಕದ ಮೊದಲ ಪುಟದಲ್ಲೇ ಅಂಟಿಸಿದ್ದೆವು.

ಪ್ರತಿರೋಧ ಬರಲಿಲ್ಲ ಎನ್ನಲಾರೆ. “ಪ್ರಾರ್ಥನೆಗೆ ಬಂದವರಿಂದ ಲೆಕ್ಕ ಕೇಳುತ್ತೀರಾ?” ಎಂದು ಹಿರಿಯರೊಬ್ಬರು ಖಾರವಾಗಿಯೇ ಕೇಳಿದರು. ಅವರೇ ಮುಂದೆ ವಿನ್ಸೆಂಟ್ ಸಭೆಯ ಹಳೆಯ ಪದ್ಧತಿಯೊಂದನ್ನು ವಲಯದವರಿಗೆಲ್ಲ ಕಲಿಸಿದರು. 1833ರಲ್ಲಿ ಪ್ಯಾರಿಸ್ಸಿನಲ್ಲಿ ವಿದ್ಯಾರ್ಥಿಯಾಗಿದ್ದ ಫ್ರೆಡ್ರಿಕ್ ಓಝನಾಮ್ ಗೆಳೆಯರೊಡನೆ ಆ ಸಭೆಯನ್ನು ಆರಂಭಿಸಿದಾಗಿನಿಂದಲೂ ಅದರ ಜೀವಾಳ ಬಡವರ ಮನೆಯ ಭೇಟಿಯೇ. ಇಬ್ಬಿಬ್ಬರಾಗಿ ಹೋಗಬೇಕು, ಕೂತು ಮಾತು ಕೇಳಬೇಕು, ಉಪದೇಶ ಮಾಡಬಾರದು. ಹಂಚುವ ಮೂಟೆಗಳ ಭಾರದಲ್ಲಿ ನಮ್ಮವರಿಗೆ ಮರೆತೇಹೋಗಿದ್ದ ಈ ಭೇಟಿಯ ಕ್ರಮ ವಲಯಗಳ ಮೂಲಕ ಮರಳಿ ಬಂತು.

ರೋಗಿಗಳಿಗೆ ಪರಮಪ್ರಸಾದವನ್ನು, ಅಂದರೆ ಬಲಿಪೂಜೆಯಲ್ಲಿ ಪವಿತ್ರಗೊಳಿಸಿದ ರೊಟ್ಟಿಯನ್ನು, ಒಯ್ಯುವ ಕೆಲಸ ನಮ್ಮ ಧರ್ಮಕೇಂದ್ರವನ್ನು ಬೇರೆಲ್ಲಕ್ಕಿಂತ ಹೆಚ್ಚು ಬದಲಿಸಿತು ಎಂದು ನನಗನ್ನಿಸುತ್ತದೆ. ತಿಂಗಳ ಮೊದಲ ಶುಕ್ರವಾರ ಗುರುಗಳೇ (ಪಾದ್ರಿಗಳು) ಮನೆಗಳಿಗೆ ಹೋಗಿ ಪಾಪನಿವೇದನೆ ಕೇಳಿ ಪರಮಪ್ರಸಾದ ಕೊಡುವ ರೂಢಿ ಮೊದಲಿನಿಂದಲೂ ಇತ್ತು, ಅದು ಹಾಗೆಯೇ ಮುಂದುವರಿದಿದೆ. ಉಳಿದ ವಾರಗಳಲ್ಲಿ ಆ ಮನೆಗಳವರು ತಾವು ಮರೆತುಹೋದವರು ಎಂಬ ಭಾವದಲ್ಲಿರುತ್ತಿದ್ದರು. ಗುರುಗಳಲ್ಲದ ಶ್ರೀಸಾಮಾನ್ಯ ವಿಶ್ವಾಸಿಗಳೂ ಅಧಿಕೃತ ಅನುಮತಿಯೊಂದಿಗೆ ಪರಮಪ್ರಸಾದ ನೀಡಬಹುದೆಂದು ರೋಮ್ 1973ರಲ್ಲೇ ವಿಧಿಸಿದೆ. ವಲಯಗಳಿಂದ ಆಯ್ದವರಿಗೆ ಗುರುಗಳು ತರಬೇತಿ ಕೊಟ್ಟು, ಮಹಾಧರ್ಮಕ್ಷೇತ್ರದಿಂದ (ಆರ್ಚ್‌ಬಿಷಪ್ಪರ ಆಡಳಿತ) ಅನುಮತಿ ಪಡೆದರು. ಭಾನುವಾರದ ಬಲಿಪೂಜೆಯಲ್ಲಿ ಪರಮಪ್ರಸಾದ ವಿತರಣೆ ಮುಗಿದ ಕೂಡಲೇ ಇವರು ಬಲಿಪೀಠದ ಮುಂದೆ ಬಂದು ನಿಲ್ಲುತ್ತಾರೆ. ಗುರುಗಳು ಪುಟ್ಟ ಮುಚ್ಚಳದ ಡಬ್ಬಿಯನ್ನು ಒಬ್ಬೊಬ್ಬರ ಕೈಗಿತ್ತು, ಯಾರ ಯಾರ ಮನೆಗೆ ಹೋಗುತ್ತಿದ್ದಾರೆಂದು ಹೆಸರು ಹೇಳಿ ಕಳಿಸುತ್ತಾರೆ. ಅವರು ದಾರಿಯಲ್ಲಿ ಎಲ್ಲೂ ನಿಲ್ಲದೆ, ಹೋಟೆಲಿಗಾಗಲಿ ಅಂಗಡಿಗಾಗಲಿ ಹೋಗದೆ ನೇರವಾಗಿ ಆ ಮನೆಗೆ ಹೋಗಬೇಕು. ಸಭೆಯ ಎದುರು ಹೆಸರು ಹೇಳುವುದರ ಪರಿಣಾಮವನ್ನು ನಾವು ಮುಂದಾಗಿ ಊಹಿಸಿರಲಿಲ್ಲ. “ಅವರಿಗೆ ಮೈ ಚೆನ್ನಾಗಿಲ್ಲವೇ?” ಎಂದು ಅಕ್ಕಪಕ್ಕದವರು ವಿಚಾರಿಸತೊಡಗಿ, ಸಂಜೆಯ ಹೊತ್ತಿಗೆ ಆ ಮನೆಗಳಿಗೆ ಹೋಗಿ ಬರುವವರ ಸಂಖ್ಯೆ ತಾನಾಗಿ ಹೆಚ್ಚಿತು. ಹೆಸರು ಹೇಳಿಸಿಕೊಳ್ಳಲು ಒಪ್ಪದವರ ಹೆಸರನ್ನು ಹೇಳುವುದಿಲ್ಲ ಎಂಬುದನ್ನೂ ಇಲ್ಲಿ ಸೇರಿಸಬೇಕು.

ಇದರಲ್ಲಿ ಒಂದು ಪ್ರಾಯೋಗಿಕ ತೊಡಕಿತ್ತು. ಸಕ್ಕರೆ ಕಾಯಿಲೆಯ ಹಿರಿಯರು ಹಲವರು, ಈಗಷ್ಟೇ ತಿಂಡಿ ತಿಂದು ಮಾತ್ರೆ ನುಂಗಿದ್ದೇನೆ, ಇವತ್ತು ಬೇಡ ಎಂದು ಪರಮಪ್ರಸಾದವನ್ನು ನಿರಾಕರಿಸುತ್ತಿದ್ದರು. ವೃದ್ಧರಿಗೂ ರೋಗಿಗಳಿಗೂ ಅವರ ಆರೈಕೆ ಮಾಡುವವರಿಗೂ ಪರಮಪ್ರಸಾದಕ್ಕೆ ಮೊದಲಿನ ಒಂದು ಗಂಟೆಯ ಉಪವಾಸದ ಕಟ್ಟು ಇಲ್ಲವೆಂದು 1983ರ ಧರ್ಮಸಭೆಯ ಕಾನೂನು ಸಂಹಿತೆ 919ನೆಯ ವಿಧಿಯಲ್ಲಿ ಸ್ಪಷ್ಟವಾಗಿ ಹೇಳುತ್ತದೆ. ಗುರುಗಳು ಇದನ್ನು ಪ್ರಬೋಧನೆಯಲ್ಲೇ ತಿಳಿಸಿದರು. ಆರೈಕೆ ಮಾಡುವವರ ವಿಷಯ ಕೇಳಿ, ವರ್ಷಗಟ್ಟಲೆ ಅತ್ತೆಯ ಬಳಿಯಿಂದ ಕದಲಲಾಗದೆ ಭಾನುವಾರದ ಬಲಿಪೂಜೆ ತಪ್ಪಿಸಿಕೊಂಡಿದ್ದ ಸೊಸೆಯಂದಿರಿಗೆ ಆದ ನೆಮ್ಮದಿಯನ್ನು ನಾನು ಹತ್ತಿರದಿಂದ ನೋಡಿದ್ದೇನೆ.

ಮರಣದ ಸಂದರ್ಭವೂ ವಲಯದ ಹೊಣೆಯಾಯಿತು. ಹಳೆಯ ಮನೆತನಗಳಿಗೆ ಬಂಧುಬಳಗವಿದೆ. ಸಾವಿನ ಮನೆಗೆ ಅನ್ನ ಬರುತ್ತದೆ, ಗುಂಡಿ ತೆಗೆಯುವವರಿಗೆ ಯಾರೋ ಹೇಳಿರುತ್ತಾರೆ. ಹೊರಗಿನಿಂದ ಬಂದವರಿಗೆ ಅದಾವುದೂ ಇಲ್ಲ. ಕಟ್ಟಡದ ಕೆಲಸದಲ್ಲಿ ತೀರಿಕೊಂಡ ಜಾರ್ಖಂಡಿನ ಯುವಕನೊಬ್ಬನ ಗೆಳೆಯರು ದೇವಾಲಯದ ಬಾಗಿಲಿಗೆ ಬಂದು ನಿಂತಾಗ, ಇವರು ನಮ್ಮ ಧರ್ಮಕೇಂದ್ರದವರೇ ಅಲ್ಲವಲ್ಲ ಎಂಬ ಮಾತು ಸಮಿತಿಯಲ್ಲಿ ಬಂತು. ಆ ಮಾತಿಗೂ ಕಾನೂನು ಸಂಹಿತೆಯಲ್ಲೇ ಉತ್ತರವಿದೆ: ಮೂರು ತಿಂಗಳು ಒಂದು ಕಡೆ ವಾಸವಿದ್ದವರಿಗೆ ಆ ಸ್ಥಳದ ಗುರುವೇ ತಮ್ಮ ಧರ್ಮಕೇಂದ್ರದ ಗುರು, ಹೆಸರು ನೋಂದಾಯಿಸಿದ್ದಾರೋ ಇಲ್ಲವೋ, ಚಂದಾ ಕೊಟ್ಟಿದ್ದಾರೋ ಇಲ್ಲವೋ ಎಂಬುದು ಪ್ರಶ್ನೆಯೇ ಅಲ್ಲ. ಅಂದಿನಿಂದ ಪ್ರತಿ ವಲಯದಲ್ಲೂ ಇಬ್ಬರು ಆಸ್ಪತ್ರೆ, ಪೊಲೀಸ್ ಠಾಣೆ, ಶವವನ್ನು ಊರಿಗೆ ಕಳಿಸಲು ಬೇಕಾದ ಕಾಗದಪತ್ರಗಳು, ಊರಿನ ಧರ್ಮಕೇಂದ್ರಕ್ಕೆ ಫೋನು, ಇಷ್ಟನ್ನೂ ತಿಳಿದವರಾಗಿರಬೇಕೆಂದು ಗೊತ್ತುಮಾಡಿದ್ದೇವೆ. ಶವ ಊರಿಗೆ ಹೋಗುವುದಾದರೂ ಇಲ್ಲಿ ಒಂದು ಬಲಿಪೂಜೆ ಸಲ್ಲುತ್ತದೆ, ಅದಕ್ಕೆ ಆ ವಲಯದವರೆಲ್ಲ ಬರುತ್ತಾರೆ.

ಹಣದ ವಿಷಯವನ್ನು ಚುಟುಕಾಗಿ ಹೇಳುತ್ತೇನೆ. ಪ್ರತಿ ಧರ್ಮಕೇಂದ್ರದಲ್ಲೂ ಹಣಕಾಸು ಸಮಿತಿ ಇರಲೇಬೇಕೆಂಬುದು ಧರ್ಮಸಭೆಯ ನಿಯಮ. ನಮ್ಮ ಸಮಿತಿ ಬಡವರ ಕಾಣಿಕೆಪೆಟ್ಟಿಗೆಯ ಲೆಕ್ಕವನ್ನು ಪ್ರತಿ ತಿಂಗಳು ದೇವಾಲಯದ ಫಲಕದಲ್ಲಿ ಹಾಕತೊಡಗಿದ ಮೇಲೆ ಕಾಣಿಕೆ ಹೆಚ್ಚಿತು. ಹಬ್ಬದ ದೀಪಾಲಂಕಾರ ಮತ್ತು ಪಟಾಕಿಯ ಖರ್ಚಿನ ಒಂದು ಪಾಲನ್ನು ಈ ಪೆಟ್ಟಿಗೆಗೆ ತಿರುಗಿಸುವ ಪ್ರಸ್ತಾಪ ಮಾತ್ರ ಪ್ರತಿ ವರ್ಷ ಬರುತ್ತದೆ, ಪ್ರತಿ ವರ್ಷ ಗದ್ದಲದಲ್ಲಿ ಮುಳುಗುತ್ತದೆ. ಹಬ್ಬ ಸಪ್ಪೆಯಾಗಬೇಕೆಂದು ನಾನೂ ಬಯಸುವವನಲ್ಲ, ಆದರೆ ಪಟಾಕಿ ಇಲ್ಲದೆಯೂ ತೇರು ಸಾಗುತ್ತದೆ.

ಕಿರು ಸಮುದಾಯದ ಕೂಟಗಳಿಗೆ ಜಾರ್ಖಂಡಿನ ಹುಡುಗಿಯರು ಬಹಳ ಕಾಲ ಬರಲೇ ಇಲ್ಲ. ಮನೆಗೆಲಸದವರಿಗೆ ವಾರದ ಸಂಜೆ ಬಿಡುವಿರುವುದಿಲ್ಲ, ನಮ್ಮ ಕನ್ನಡವೂ ಕೊಂಕಣಿಯೂ ಅವರಿಗೆ ಅರ್ಥವಾಗುವುದಿಲ್ಲ. ಧರ್ಮಭಗಿನಿಯೊಬ್ಬರ ನೆರವಿನಿಂದ ಭಾನುವಾರ ಮಧ್ಯಾಹ್ನ ಶಾಲೆಯ ಕೊಠಡಿಯೊಂದರಲ್ಲಿ ಅವರಿಗೆ ಹಿಂದಿಯಲ್ಲೂ ಜಾರ್ಖಂಡ್ ಕಡೆಯ ಭಾಷೆಯಾದ ಸಾದ್ರಿಯಲ್ಲೂ ಅದೇ ಏಳು ಹೆಜ್ಜೆಗಳ ಕೂಟ ಆರಂಭಿಸಿದೆವು. ಆರನೆಯ ಹೆಜ್ಜೆಗೆ ಬಂದಾಗ ಅವರು ತಾವು ಕೆಲಸ ಮಾಡುವ ಅಪಾರ್ಟ್‌ಮೆಂಟುಗಳ ವಿಷಯ ಎತ್ತಿದರು: ಮಕ್ಕಳು ವಿದೇಶದಲ್ಲಿದ್ದು ಒಂಟಿಯಾಗಿ ಉಳಿದ, ಗೋಡೆಯ ಮೇಲೆ ಯೇಸುವಿನ ತಿರುಹೃದಯದ ಪಟವಿದ್ದರೂ ದೇವಾಲಯಕ್ಕೆ ಬರಲಾಗದ ವೃದ್ಧರು ಯಾವ ಯಾವ ಬ್ಲಾಕಿನಲ್ಲಿದ್ದಾರೆಂಬುದು ಅವರಿಗೆ ಗೊತ್ತಿತ್ತು, ಸೆಕ್ಯುರಿಟಿ ಗೇಟಿನ ಆಚೆಗೆ ಎಂದೂ ಹೋಗದ ನಮಗೆ ಗೊತ್ತಿರಲಿಲ್ಲ. ಆ ಹುಡುಗಿಯರು ಮೊದಲು ಆ ಹಿರಿಯರ ಒಪ್ಪಿಗೆ ಕೇಳಿ ಬರುತ್ತಾರೆ, ಒಪ್ಪಿದವರ ಹೆಸರು ಪರಮಪ್ರಸಾದದ ಪಟ್ಟಿಗೆ ಸೇರುತ್ತದೆ, ಮೊದಲ ಭೇಟಿಗೆ ನಮ್ಮವರೊಬ್ಬರ ಜೊತೆ ಆ ಹುಡುಗಿಯರಲ್ಲೇ ಒಬ್ಬರು ಹೋಗುತ್ತಾರೆ. ಪಾಲನಾ ಸಮಿತಿಯ ಮುಂದಿನ ಅವಧಿಗೆ ಅವರಲ್ಲಿ ಒಬ್ಬರನ್ನು ಸದಸ್ಯರಾಗಿ ತೆಗೆದುಕೊಳ್ಳಬೇಕೆಂಬ ಪ್ರಸ್ತಾಪವನ್ನು ನಾನೇ ಬರೆದು ಗುರುಗಳಿಗೆ ಕೊಟ್ಟಿದ್ದೇನೆ. ಕ್ರಿಸ್ಮಸ್ಸಿನ ಸಿದ್ಧತೆಯ ಆಗಮನ ಕಾಲಕ್ಕೆ ಮುಂಚೆ ನಡೆಯುವ ಸಭೆಯಲ್ಲಿ ಅದು ಚರ್ಚೆಗೆ ಬರಲಿದೆ.